ಹನ್ನೆರಡು ಜನರಿಗಾಗಿ ಉಳಿದ ಟ್ಯಾಬ್

‘ಕ್ಲೀನ್ ಮಾಡಿ ಬಿಲ್ಡ್ ಹೊಡಿ ಗುರು’ ಅನ್ನೋದು ನಮ್ಮ ಆಫೀಸಿನ ನಿತ್ಯಮಂತ್ರ. ಈ ಮಂತ್ರದ ಮೂಲ ಹುಡುಕಿಕೊಂಡು ಹೋದರೆ ಸಿಗೋದು 1976ರ ಅಮೆರಿಕದ ಬೆಲ್ ಲ್ಯಾಬ್ಸ್, ಅಲ್ಲಿ ವ್ಯರ್ಥವಾಗಿ ಹೋದ ಒಂದು ಬೆಳಗ್ಗೆ.

ಯಾಕ್ ಅನ್ನೋ ಟೂಲ್ ಬರೆದ ಸ್ಟೀವ್ ಜಾನ್ಸನ್ ಒಂದಿನ ಸಹೋದ್ಯೋಗಿ ಸ್ಟೂವರ್ಟ್ ಫೆಲ್ಡ್‌ಮನ್ ಕೋಣೆಗೆ ಸಿಡುಕುತ್ತಾ ನುಗ್ಗಿದರು. ಬೆಳಗ್ಗೆಯೆಲ್ಲ ಸರಿಯಾಗೇ ಇದ್ದ ಪ್ರೋಗ್ರಾಂನಲ್ಲಿ ಬಗ್ ಹುಡುಕಿದ್ದರು ಪಾಪ! ಬಗ್ ಆಗಲೇ ತಿದ್ದಿಯಾಗಿತ್ತು, ಆ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ ಅಷ್ಟೆ. ಹಿಂದಿನ ಸಂಜೆ ಫೆಲ್ಡ್‌ಮನ್‌ಗೂ ಅದೇ ಪಾಡಾಗಿತ್ತು. ಆ ವಾರಾಂತ್ಯದಲ್ಲೇ ‘ಮೇಕ್’ ಹುಟ್ಟಿತು.

ಮೇಕ್‌ನ ಒಂದು ನಿಯಮದಲ್ಲಿ ಇರೋದು ಮೂರೇ: ಏನು ಬೇಕು, ಅದು ಯಾವುದರ ಮೇಲೆ ನಿಂತಿದೆ, ಮಾಡೋದು ಹೇಗೆ. ನಮ್ಮೂರ ಲೆಕ್ಕದಲ್ಲಿ ಮುದ್ದೆಗೆ ಹಿಟ್ಟು, ಹಿಟ್ಟಿಗೆ ರಾಗಿ. ಡಬ್ಬದಲ್ಲಿ ಹಿಟ್ಟಿದ್ದರೆ ಗಿರಣಿಗೆ ಯಾರು ಹೋಗ್ತಾರೆ? ಮೇಕ್ ಕೂಡ ಫೈಲುಗಳ ಸಮಯ ನೋಡುತ್ತೆ. ಸೋರ್ಸ್ ಹೊಸದು, ಅದರಿಂದ ತಯಾರಾದದ್ದು ಹಳೇದು ಅಂದರೆ ಮಾತ್ರ ಕಮಾಂಡ್ ಓಡಿಸುತ್ತೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ನಾವು ಹೇಳಬೇಕಿಲ್ಲ. ಸಂಬಂಧ ಹೇಳಿದರೆ ಸಾಕು, ಅನುಕ್ರಮ ಅದೇ ಕಂಡುಕೊಳ್ಳುತ್ತೆ. ನನ್ನ ಪ್ರಕಾರ ಫೆಲ್ಡ್‌ಮನ್ ಮಾಡಿದ ದೊಡ್ಡ ಕೆಲಸ ಇದೇ.

ಆದರೆ ಒಂದು ಸಂಬಂಧ ಬರೆಯೋದು ಬಿಟ್ಟಿರೋ, ಮೇಕ್‌ಗೆ ಅದು ಗೊತ್ತೇ ಆಗಲ್ಲ. ಹಳೇ ಫೈಲನ್ನೇ ಕೊಟ್ಟು ತೆಪ್ಪಗಿರುತ್ತೆ, ಜಾನ್ಸನ್ ಅವರ ಬೆಳಗ್ಗೆ ನಿಮಗೂ ಬರುತ್ತೆ. ನಮ್ಮ ‘ಕ್ಲೀನ್’ ಮಂತ್ರ ಆ ಪಟ್ಟಿಯ ಮೇಲಿನ ಅಪನಂಬಿಕೆ, ಬೇರೇನಲ್ಲ.

ಇನ್ನು ಟ್ಯಾಬ್ ಕತೆ. ಕಮಾಂಡಿನ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ನಡೆಯಲ್ಲ. ಫೆಲ್ಡ್‌ಮನ್ ಆಗ ಲೆಕ್ಸ್ ಅನ್ನೋ ಹೊಸ ಟೂಲ್ ಕಲಿಯುತ್ತಿದ್ದರು. ಏನೇನೋ ಮಾಡಲು ಹೋಗಿ ಕೈಕೊಟ್ಟಾಗ ಸರಳವಾದ ಟ್ಯಾಬ್ ಹಿಡಿದರು. ಕೆಲವೇ ವಾರಗಳಲ್ಲಿ ಹನ್ನೆರಡರಷ್ಟು ಜನ, ಹೆಚ್ಚಿನವರು ಸ್ನೇಹಿತರೇ, ಅದನ್ನು ಬಳಸತೊಡಗಿದರು. ಅವರಿಗೆ ತೊಂದರೆ ಯಾಕೆ ಅಂತ ಟ್ಯಾಬನ್ನು ಹಾಗೇ ಬಿಟ್ಟರು. ಇದೇ ಮೇಕ್‌ಗೆ 2003ರಲ್ಲಿ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿಯೂ ಬಂತು.

ಈ ಟ್ಯಾಬ್ ಕಾಟಕ್ಕೆ ಬೇಸತ್ತವರಲ್ಲಿ ಜೇಮ್ಸ್ ಡಂಕನ್ ಡೇವಿಡ್ಸನ್ ಒಬ್ಬರು. ಜಾವಾ ಲೋಕಕ್ಕೆ ‘ಆಂಟ್’ ಕೊಟ್ಟವರು ಅವರೇ. ಟ್ಯಾಬ್ ಹೋಯಿತು, ಎಕ್ಸ್‌ಎಂಎಲ್ ಬಂತು. (ಯಾವುದು ವಾಸಿ ಅಂತ ನನ್ನ ಕೇಳಬೇಡಿ.) ಆಮೇಲೆ ಮೇವನ್, ಗ್ರೇಡಲ್, ಬೇಝಲ್. ಸಮಯದ ಬದಲು ಫೈಲಿನೊಳಗಿರೋದನ್ನೇ ಹೋಲಿಸಿ ನೋಡುವಷ್ಟು ಕೆಲವು ಜಾಣವಾಗಿವೆ. ಲಿನಕ್ಸ್ ಕರ್ನಲ್ ಮಾತ್ರ ಇವತ್ತಿಗೂ ಮೇಕ್‌ನಲ್ಲೇ ಬಿಲ್ಡ್ ಆಗುತ್ತೆ. ಅಲ್ಲಿ ಟ್ಯಾಬ್ ಜಾಗದಲ್ಲಿ ಎಂಟು ಸ್ಪೇಸ್ ಹೊಡೆದು ನೋಡಿ: ‘ಮಿಸ್ಸಿಂಗ್ ಸೆಪರೇಟರ್’.