ಜೀವಕೋಶ ಸಾಕಿದ ಹಿರಿಯರು

ಹಳೆಯ ದಿನಗಳ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಚಿಕೆ ಸಮಿತಿಯವರು ಕೇಳಿದಾಗ ಇಲ್ಲವೆನ್ನಲು ಮನಸ್ಸಾಗಲಿಲ್ಲ. ಹೊಟ್ಟೆಪಾಡಿಗೆಂದು ಧಾರವಾಡದಿಂದ ಮುಂಬಯಿಗೆ ಬಂದ ನನಗೆ ಅನ್ನ ಕೊಟ್ಟಿದ್ದು, ಕೆಲಸ ಕಲಿಸಿದ್ದು ಈ ಕ್ಯಾನ್ಸರ್ ಸಂಶೋಧನಾ ಸಂಸ್ಥೆ.

1952ರಲ್ಲಿ ಮುಂಬಯಿಯ ಪರೇಲಿನಲ್ಲಿ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರ್ ಶುರುವಾದಾಗ ಅದರ ಹೊಣೆ ಹೊತ್ತವರು ಡಾ. ವಿ. ಆರ್. ಖಾನೋಲ್ಕರ್. ಟಾಟಾ ಮೆಮೋರಿಯಲ್ ಆಸ್ಪತ್ರೆಯ ಪ್ರಯೋಗಾಲಯಗಳನ್ನು ಕಟ್ಟಿದವರೂ ಅವರೇ. ಅವರ ಶಿಷ್ಯೆ ಡಾ. ಕಮಲ್ ರಣದಿವೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾರ್ಜ್ ಗೇ ಅವರ ಬಳಿ ಕಲಿತು ಬಂದರು. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗೆಡ್ಡೆಯ ಜೀವಕೋಶಗಳು 'ಹೀಲಾ' ಎಂಬ ಹೆಸರಿನಲ್ಲಿ ಗಾಜಿನ ನಳಿಕೆಯೊಳಗೆ ಬದುಕುಳಿದದ್ದು ಆ ಗೇ ಅವರ ಪ್ರಯೋಗಾಲಯದಲ್ಲಿ. ಆ ವಿದ್ಯೆಯನ್ನು ರಣದಿವೆಯವರು ಪರೇಲಿಗೆ ತಂದು ದೇಶದ ಮೊದಲ ಟಿಶ್ಯೂ ಕಲ್ಚರ್ ಪ್ರಯೋಗಾಲಯ ಹೂಡಿದರು. 1982ರಲ್ಲಿ ಅವರಿಗೆ ಪದ್ಮಭೂಷಣ ಬಂತು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು, ಜೀವಕೋಶ ಸಾಕುವುದನ್ನು ಅವರು ನಮ್ಮ ನೆಲದಲ್ಲಿ ಕಲಿಸಿಕೊಟ್ಟದ್ದು. ಜೀವಕೋಶವೇ ಉಳಿಯದಿದ್ದರೆ ಔಷಧವನ್ನು ಪರೀಕ್ಷಿಸುವುದಾದರೂ ಯಾವುದರ ಮೇಲೆ?

ಸಾಕುವುದು ಸುಲಭವಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲೇ ನನ್ನ ಕೈತಪ್ಪಿನಿಂದ ವಾರದ ಬಾಟಲಿಗಳೆಲ್ಲ ಬೂಷ್ಟು ಹಿಡಿದವು. ಹಿರಿಯರು ಬೈಯಲಿಲ್ಲ. ಪಿಪೆಟ್ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಮತ್ತೊಮ್ಮೆ ಕಲಿಸಿದರು.

1966ರಲ್ಲಿ ಆಸ್ಪತ್ರೆಯೂ ಸಂಶೋಧನಾ ಕೇಂದ್ರವೂ ಒಂದಾಗಿ ಟಾಟಾ ಮೆಮೋರಿಯಲ್ ಸೆಂಟರ್ ಆಯಿತು. ಮುಂದಿನ ದಶಕಗಳು ಸದ್ದಿಲ್ಲದೆ ದುಡಿದ ಕಾಲ. 2002ರಲ್ಲಿ ಖಾರ್ಘರ್‌ನಲ್ಲಿ ಸಂಶೋಧನಾ ಕೇಂದ್ರದ ಹೊಸ ನೆಲೆಯಾಗಿ ಆಕ್ಟ್ರೆಕ್ ಆಯಿತು. ಪರೇಲ್ ಬಿಡುವ ವಿಷಯದಲ್ಲಿ ಗೆಳೆಯರ ನಡುವೆ ಎರಡು ಮಾತು ಬಂದದ್ದುಂಟು. ಎರಡೂ ಕಡೆಯವರು ನನಗೆ ಬೇಕಾದವರೇ, ಅದನ್ನಿಲ್ಲಿ ಬೆಳೆಸುವುದಿಲ್ಲ.

ಖಾರ್ಘರ್‌ನ ಔಷಧ ಪರೀಕ್ಷೆಯ ಕೋಣೆಯ ಬಗ್ಗೆ ಮಾತ್ರ ತುಸು ಹೆಚ್ಚೇ ಬರೆಯುತ್ತೇನೆ. ಅಂಗೈಯಗಲದ ಪ್ಲೇಟ್, ಅದರಲ್ಲಿ 96 ಗುಳಿ. ಜೀವಕೋಶ ಬಿತ್ತಿ, ಮರುದಿನ ಪರೀಕ್ಷೆಯ ವಸ್ತುವನ್ನು ನಾಲ್ಕು ಪ್ರಮಾಣದಲ್ಲಿ ಹಾಕಿ, 48 ಗಂಟೆ ಬಿಡುತ್ತಿದ್ದೆವು. ಆಮೇಲೆ ಸಲ್ಫೋರೋಡಮೈನ್ ಬಿ ಬಣ್ಣ ಹಾಕಿ ಅಸಿಟಿಕ್ ಆಮ್ಲದಲ್ಲಿ ತೊಳೆದರೆ, ಜೀವಕೋಶ ಬೆಳೆದ ಗುಳಿ ಗಾಢ ಗುಲಾಬಿ, ಬೆಳೆಯದ ಗುಳಿ ಬಿಳಚು. ಹೋಲಿಸಿ ನೋಡಲು ಕ್ಯಾನ್ಸರ್ ಔಷಧವಾದ ಅಡ್ರಿಯಾಮೈಸಿನ್ನಿನ ಸಾಲು ಇದ್ದೇ ಇರುತ್ತಿತ್ತು. ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಕಡಿಮೆ ಸಾಕಾದರೆ ಆ ಶುದ್ಧ ವಸ್ತುವಿನ ಮೇಲೆ ಆಸೆ ಇಟ್ಟುಕೊಳ್ಳಬಹುದಿತ್ತು.

ಪರೀಕ್ಷೆಯ ವಸ್ತುಗಳ ಸೀಸೆಗಳು ಕರ್ನಾಟಕದಿಂದ ಬಂದ ದಿನ ಲೇಬಲ್ ನೋಡಿಯೇ ನನಗೆ ಹಿಗ್ಗು. ಅದಕ್ಕೆ ಕಾರಣವಿತ್ತು. ನಮ್ಮ ಸಹ್ಯಾದ್ರಿಯ ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ತಡೆಯುವ ಕ್ಯಾಂಪ್ಟೊಥೆಸಿನ್ ಇದೆಯೆಂದು 1972ರಲ್ಲಿ ತೋರಿಸಿದವರು ಗೋರೆಗಾಂವ್‌ನ ಸಿಬಾ ಸಂಶೋಧನಾ ಕೇಂದ್ರದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್. ಅವರು ನಮ್ಮ ಸಂಸ್ಥೆಯವರಲ್ಲ, ಆದರೂ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಇರಿನೊಟೆಕಾನ್, ಟೊಪೊಟೆಕಾನ್ ಎಂಬ ಕ್ಯಾನ್ಸರ್ ಔಷಧಗಳೆರಡೂ ಕ್ಯಾಂಪ್ಟೊಥೆಸಿನ್ನಿನ ಮಕ್ಕಳು. ಊರಿನಿಂದ ಬಂದ ಸೀಸೆಯಲ್ಲೂ ಅಂಥದ್ದೊಂದು ಇದ್ದೀತೆಂದು ಕಾಯುತ್ತಿದ್ದೆ. ಹೆಚ್ಚಿನವು ಕೆಲಸ ಮಾಡುತ್ತಿರಲಿಲ್ಲ. ಹಾಗೆಂದು ಬರೆದು ಕಳಿಸುವಾಗ ನೋವಾಗುತ್ತಿತ್ತು. ಆದರೆ ಕೆಲಸಕ್ಕೆ ಬಾರದ್ದನ್ನು ಪ್ಲೇಟಿನಲ್ಲೇ ತಡೆದರೆ ಅದು ಇಲಿಯವರೆಗೆ, ರೋಗಿಯವರೆಗೆ ಹೋಗುವುದಿಲ್ಲ.

ನಿವೃತ್ತಿಯ ದಿನ ಬೆಳಿಗ್ಗೆಯೂ ಒಂದು ಪ್ಲೇಟ್ ಓದಿದೆ. ಅಡ್ರಿಯಾಮೈಸಿನ್ ಸಾಲು ಬಿಟ್ಟರೆ ಉಳಿದದ್ದೆಲ್ಲ ಗುಲಾಬಿ. ರಿಜಿಸ್ಟರಿನಲ್ಲಿ ಅಂಕಿ ಬರೆದು, ಸಹಿ ಹಾಕಿ, ಕೀಲಿ ಒಪ್ಪಿಸಿ ಬಂದೆ.