ನಗೆಗೂ ಒಂದು ಮೇರೆ

ಆಸ್ಕರ್ ಪ್ರಶಸ್ತಿಗಳನ್ನು ಲೋಕವೆಲ್ಲ ಬಲ್ಲದು. 1981ರ ಆಸ್ಕರ್ ರಾತ್ರಿ ಲಾಸ್ ಏಂಜಲೀಸಿನ ಜಾನ್ ವಿಲ್ಸನ್ ಎಂಬವರು ಮನೆಗೆ ಬಂದ ಅತಿಥಿಗಳ ವಿನೋದಕ್ಕಾಗಿ ಅತಿ ಕೆಟ್ಟ ಚಲನಚಿತ್ರಗಳಿಗೂ ‘ಪ್ರಶಸ್ತಿ’ ಕೊಡುವ ಆಟವೊಂದನ್ನು ಆರಂಭಿಸಿದರು. ‘ರಾಝಿ’ ಎಂದು ಹೆಸರಾದ ಅದು ಸಂಸ್ಥೆಯಾಗಿ ಬೆಳೆಯಿತು. ಅಪಾರ ಧನ ವ್ಯಯಿಸಿ ಸತ್ತ್ವಹೀನ ಚಿತ್ರ ತೆಗೆದವರಿಗೆ ಅದು ಕನ್ನಡಿ ಹಿಡಿದದ್ದುಂಟು. 2005ರಲ್ಲಿ ಹ್ಯಾಲಿ ಬೆರಿ ಎಂಬ ಖ್ಯಾತ ನಟಿ ತಾವೇ ವೇದಿಕೆಗೆ ಬಂದು ಅದನ್ನು ನಗುತ್ತ ಸ್ವೀಕರಿಸಿದರು.

ಆದರೆ ನಗುವ ಸ್ಥಿತಿಯಲ್ಲಿ ಎಲ್ಲರೂ ಇರುವುದಿಲ್ಲ. 2022ರಲ್ಲಿ ನಟ ಬ್ರೂಸ್ ವಿಲಿಸರ 8 ಚಿತ್ರಗಳನ್ನು ಪರಿಹಾಸ ಮಾಡಲೆಂದೇ ಪ್ರತ್ಯೇಕ ವಿಭಾಗವೊಂದನ್ನು ರಚಿಸಲಾಯಿತು. ಫಲಿತಾಂಶ ಪ್ರಕಟವಾದ ಕೆಲವೇ ದಿನಗಳಲ್ಲಿ, ಅವರು ಮಾತಿನ ಶಕ್ತಿಯನ್ನೇ ಕುಂದಿಸುವ ವ್ಯಾಧಿಗೆ ತುತ್ತಾಗಿರುವರೆಂದು ಕುಟುಂಬದವರು ತಿಳಿಸಿದರು. ಸಂಸ್ಥೆ ಆ ‘ಪ್ರಶಸ್ತಿ’ಯನ್ನು ಹಿಂತೆಗೆದುಕೊಂಡಿತು.

ಮರುವರ್ಷ ‘ಅತಿ ಕೆಟ್ಟ ನಟಿ’ಯರ ಪಟ್ಟಿಯಲ್ಲಿ 12 ವರ್ಷದ ಬಾಲಕಿಯೊಬ್ಬಳ ಹೆಸರು ಕಾಣಿಸಿತು. ಜನರು ಖಂಡಿಸಿದರು. ವಿಲ್ಸನ್ ಬಹಿರಂಗವಾಗಿ ಕ್ಷಮೆ ಯಾಚಿಸಿ, ಹೆಸರನ್ನು ತೆಗೆದುಹಾಕಿ, 18 ತುಂಬದವರನ್ನು ಇನ್ನು ಪರಿಗಣಿಸಬಾರದೆಂಬ ನಿಯಮ ಮಾಡಿದರು. ತೆರವಾದ ಸ್ಥಾನಕ್ಕೆ ಸಂಸ್ಥೆ ತನ್ನ ಹೆಸರನ್ನೇ ಸೇರಿಸಿತು. 2023ರ ಆ ಅಪಕೀರ್ತಿ ಅದಕ್ಕೇ ಸಂದಿತು.

ತಪ್ಪನ್ನು ಒಪ್ಪಿಕೊಂಡದ್ದು ಮೆಚ್ಚತಕ್ಕ ನಡತೆಯೇ ಸರಿ. ಕೃತಿಯ ದೋಷವನ್ನು ಎತ್ತಿ ತೋರಿಸುವುದೂ ವಿಮರ್ಶೆಯ ಧರ್ಮವೇ. ಆದರೆ ಕೃತಿಯ ಹಿಂದೆ ಒಬ್ಬ ರೋಗಿಯಿರಬಹುದು, ಒಂದು ಮಗುವಿರಬಹುದು. ಪಟ್ಟಿಯಿಂದ ಅಳಿಸಿದ ಹೆಸರು ನೊಂದ ಮನಸ್ಸಿನಿಂದ ಅಳಿಯುವುದಿಲ್ಲ. ಕ್ಷಮೆ ಕೇಳುವ ಮುನ್ನ ಬರಬೇಕಾದ ವಿವೇಕ, ನಗುವ ಮುನ್ನವೇ ಬರುವುದು ಲೇಸು.