ಇಂಧನ ಮಿತವ್ಯಯದ ಮನೆಗೆ ಕಿಟಕಿಗಳ ಆಯ್ಕೆ: ಜೋಡಿ ಗಾಜಿನ ಕಿಟಕಿಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

(ಸೊರಬ ತಾಲ್ಲೂಕು ಕುಬಟೂರು, ಆನವಟ್ಟಿ ಹಾಗೂ ಶಿಕಾರಿಪುರ ತಾಲ್ಲೂಕಿನ ಸುತ್ತಮುತ್ತಲ ಗ್ರಾಮಗಳಲ್ಲಿ ಮನೆ ನಿರ್ಮಿಸುವ ಅಥವಾ ನವೀಕರಿಸುವ ಅರ್ಜಿದಾರರ ಉಪಯೋಗಕ್ಕಾಗಿ)

1. ಪೀಠಿಕೆ

ಇತ್ತೀಚಿನ ವರ್ಷಗಳಲ್ಲಿ ಗ್ರಾಮೀಣ ಪ್ರದೇಶದ ಮನೆಗಳಿಗೂ ಡಬಲ್ ಗ್ಲೇಜ್ಡ್ ಕಿಟಕಿಗಳು, ಅಂದರೆ ಜೋಡಿ ಗಾಜಿನ ಕಿಟಕಿಗಳು ಮಾರಾಟಕ್ಕೆ ಬರುತ್ತಿವೆ. ಇವುಗಳನ್ನು ಅಳವಡಿಸಿದಲ್ಲಿ ಮನೆ ತಂಪಾಗುವುದೆಂದೂ ವಿದ್ಯುತ್ ಬಿಲ್ ಇಳಿಯುವುದೆಂದೂ ಪ್ರಚಾರ ಮಾಡಲಾಗುತ್ತಿದೆ. ಈ ಮಾತು ಕೆಲವು ಸಂದರ್ಭಗಳಲ್ಲಿ ನಿಜ, ಹಲವು ಸಂದರ್ಭಗಳಲ್ಲಿ ನಿಜವಲ್ಲ. ಕಿಟಕಿಯನ್ನು ಒಮ್ಮೆ ಗೋಡೆಯಲ್ಲಿ ಕೂರಿಸಿದ ನಂತರ ಬದಲಾಯಿಸುವುದು ದುಬಾರಿ. ಆದುದರಿಂದ ಹಣ ಪಾವತಿಸುವ ಮೊದಲೇ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಜೋಡಿ ಗಾಜಿನ ಕಿಟಕಿ ಎಂದರೇನು?

ಎರಡು ಗಾಜಿನ ಹಾಳೆಗಳ ನಡುವೆ ಸಾಮಾನ್ಯವಾಗಿ 12 ಮಿಲಿಮೀಟರ್ ಅಂತರವಿಟ್ಟು, ಅಂಚುಗಳನ್ನು ಗಾಳಿಯಾಡದಂತೆ ಮುದ್ರಿಸಿ ಸಿದ್ಧಪಡಿಸಿದ ಘಟಕವೇ ಜೋಡಿ ಗಾಜು. ನಡುವಿನ ಒಣ ಗಾಳಿ ಅಥವಾ ಆರ್ಗಾನ್ ಅನಿಲವು ಶಾಖದ ಹರಿವನ್ನು ತಡೆಯುತ್ತದೆ. ಅಮೆರಿಕದಲ್ಲಿ 1865ರಲ್ಲಿಯೇ ಇದಕ್ಕೆ ಪೇಟೆಂಟ್ ನೀಡಲಾಗಿತ್ತು. ಹೊರಗೆ ಹಿಮ ಬೀಳುತ್ತಿರುವಾಗ ಒಳಗಿನ ಬಿಸಿಯನ್ನು ಕಾಪಾಡಿಕೊಳ್ಳುವುದು ಶೀತ ದೇಶಗಳಲ್ಲಿ ಇದರ ಮುಖ್ಯ ಉದ್ದೇಶ. ನಮ್ಮಲ್ಲಿ ಅಂತಹ ಚಳಿಯಿಲ್ಲ. ನಮ್ಮ ಸಮಸ್ಯೆಗಳು ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲು ಮತ್ತು ಜೂನ್ ನಂತರದ ಮಳೆ ಹಾಗೂ ತೇವ.

ಗಾಜನ್ನು ಹೋಲಿಸಿ ನೋಡಲು ಎರಡು ಅಂಕಿಗಳನ್ನು ಮಾರಾಟಗಾರರಿಂದ ಕಡ್ಡಾಯವಾಗಿ ಕೇಳಿ ಪಡೆಯತಕ್ಕದ್ದು.

(ಅ) ಯು-ಮೌಲ್ಯ: ಹೊರಗಿನ ಮತ್ತು ಒಳಗಿನ ಉಷ್ಣಾಂಶದ ವ್ಯತ್ಯಾಸದಿಂದ ಗಾಜಿನ ಮೂಲಕ ಹಾದುಹೋಗುವ ಶಾಖದ ಅಳತೆ. ಒಂಟಿ ಗಾಜಿಗೆ ಸುಮಾರು 5.8, ಸಾದಾ ಜೋಡಿ ಗಾಜಿಗೆ ಸುಮಾರು 2.8, ಲೋ-ಇ ಲೇಪನವಿರುವ ಜೋಡಿ ಗಾಜಿಗೆ ಸುಮಾರು 1.8. ಅಂಕಿ ಕಡಿಮೆಯಾದಷ್ಟೂ ಉತ್ತಮ.

(ಆ) ಸೌರಶಾಖ ಗುಣಾಂಕ: ಗಾಜಿನ ಮೇಲೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಶಾಖವಾಗಿ ಒಳಬರುತ್ತದೆ ಎಂಬ ಅಳತೆ. ಸಾದಾ ಒಂಟಿ ಗಾಜಿಗೆ ಸುಮಾರು 0.82, ಸಾದಾ ಜೋಡಿ ಗಾಜಿಗೆ ಸುಮಾರು 0.72. ಬಿಸಿಲು ತಡೆಯುವ ಲೇಪನವಿದ್ದಲ್ಲಿ 0.25ರಿಂದ 0.40.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಲೇಪನವಿಲ್ಲದ ಸಾದಾ ಜೋಡಿ ಗಾಜು ನೇರ ಬಿಸಿಲನ್ನು ತಡೆಯುವುದಿಲ್ಲ. ನೂರರಲ್ಲಿ ಎಪ್ಪತ್ತು ಪಾಲಿಗೂ ಹೆಚ್ಚು ಶಾಖ ಒಳಗೆ ಬಂದೇ ಬರುತ್ತದೆ.

3. ಮೊದಲು ನೆರಳು, ನಂತರ ಗಾಜು

ಕುಬಟೂರು ಭಾಗವು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಾರ್ಚ್ ತಿಂಗಳ ನಡುಹಗಲಿನಲ್ಲಿ ಸೂರ್ಯನು ಬಹುತೇಕ ನೆತ್ತಿಯ ಮೇಲಿರುವುದರಿಂದ, ದಕ್ಷಿಣದ ಕಿಟಕಿಯ ಮೇಲೆ ಚಾಚಿದ 2 ಅಡಿಯ ಸಜ್ಜಾ 7 ಅಡಿಗೂ ಹೆಚ್ಚು ಕೆಳಗಿನವರೆಗೆ ನೆರಳು ನೀಡುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯನು ತುಸು ಉತ್ತರಕ್ಕೆ ವಾಲುವುದರಿಂದ ಉತ್ತರದ ಕಿಟಕಿಗೂ ಸಜ್ಜಾ ಅವಶ್ಯ.

ಪಶ್ಚಿಮದ ಕಿಟಕಿಯ ಸ್ಥಿತಿ ಬೇರೆ. ಏಪ್ರಿಲ್ ತಿಂಗಳಲ್ಲಿ ಸಂಜೆ 5 ಗಂಟೆಗೆ ಸೂರ್ಯನು ದಿಗಂತದಿಂದ ಸುಮಾರು 24 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಆಗ ಅದೇ 2 ಅಡಿ ಸಜ್ಜಾದ ನೆರಳು 1 ಅಡಿಯನ್ನೂ ಮುಟ್ಟುವುದಿಲ್ಲ. ಆದ್ದರಿಂದ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇಡದಿರುವುದು, ಇಟ್ಟಲ್ಲಿ ಜಗಲಿ, ಮರದ ಬಾಗಿಲು, ಬಿದಿರಿನ ಪರದೆ ಅಥವಾ ಮರಗಳ ನೆರಳನ್ನು ಒದಗಿಸುವುದು ಸೂಕ್ತ. ಪರದೆಯು ಗಾಜಿನ ಹೊರಗಡೆ ಇರಬೇಕು. ಒಳಗಿನ ಪರದೆ ಬಿಸಿಲನ್ನು ತಡೆಯುವ ವೇಳೆಗೆ ಶಾಖವು ಕೋಣೆಯೊಳಗೆ ಬಂದಾಗಿರುತ್ತದೆ.

ಈ ತಿಳಿವಳಿಕೆ ನಮ್ಮ ಸೀಮೆಗೆ ಹೊಸದಲ್ಲ. ಹಂಚಿನ ಮಾಡನ್ನು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿ, ಸುತ್ತ ಜಗಲಿ ಬಿಟ್ಟು, ಮಳೆಗಾಲದಲ್ಲಿ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ಮನೆಗಳಲ್ಲಿ ಗೋಡೆಗೆ ನೇರ ಬಿಸಿಲೂ ಇರಚಲೂ ತಾಗುತ್ತಿರಲಿಲ್ಲ. ಕ್ರಿ.ಶ. 1100ರ ಸುಮಾರಿನಲ್ಲಿ ನಿರ್ಮಾಣವಾದ ಕುಬಟೂರಿನ ಕೈಟಭೇಶ್ವರ ದೇವಾಲಯದ ತೆರೆದ ಮಂಟಪದಲ್ಲಿಯೂ ಮುಂಚಾಚಿದ ಲೋವೆ ಮತ್ತು ತೆರೆದ ಬದಿಗಳಿಂದ ನೆರಳು ಮತ್ತು ಗಾಳಿ ಒಟ್ಟಿಗೆ ದೊರೆಯುವುದನ್ನು ಕಾಣಬಹುದು.

ಒಂದೇ ಅಂತಸ್ತಿನ ಆರ್‌ಸಿಸಿ ಮನೆಯಲ್ಲಿ ಹಗಲಿನ ಶಾಖವು ಬಹುಪಾಲು ಛಾವಣಿಯಿಂದ ಇಳಿಯುತ್ತದೆ. ಛಾವಣಿಗೆ ಬಿಳಿ ಸುಣ್ಣ ಅಥವಾ ಬಿಸಿಲು ಪ್ರತಿಫಲಿಸುವ ಬಣ್ಣ ಬಳಿಯದೆ ಕಿಟಕಿಗೆ ಮಾತ್ರ ಖರ್ಚು ಮಾಡಿದಲ್ಲಿ ನಿರೀಕ್ಷಿತ ಫಲ ದೊರೆಯದು.

4. ತೆರೆಯುವ ಕಿಟಕಿಯ ಅಳತೆ

ಹವಾನಿಯಂತ್ರಣ ಯಂತ್ರವಿಲ್ಲದ ಮನೆಯಲ್ಲಿ ಕಿಟಕಿಯನ್ನು ತೆರೆದೇ ಇಡಲಾಗುತ್ತದೆ. ತೆರೆದ ಕಿಟಕಿಗೆ ಒಂದು ಗಾಜಿದ್ದರೂ ಎರಡಿದ್ದರೂ ವ್ಯತ್ಯಾಸವಿಲ್ಲ. ಅಂತಹ ಮನೆಗೆ ಮುಖ್ಯವಾದುದು ಗಾಳಿ ಆಡಲು ತೆರೆದುಕೊಳ್ಳುವ ವಿಸ್ತೀರ್ಣ.

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಸಿದ್ಧಪಡಿಸಿ 2018ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಇಕೋ ನಿವಾಸ ಸಂಹಿತೆಯಲ್ಲಿ, ತೆರೆಯಬಹುದಾದ ಕಿಟಕಿ-ಬಾಗಿಲುಗಳ ವಿಸ್ತೀರ್ಣವು ನೆಲದ ವಿಸ್ತೀರ್ಣದ ಕನಿಷ್ಠ ಇಂತಿಷ್ಟು ಇರಬೇಕೆಂದು ಸೂಚಿಸಲಾಯಿತು. ಸಮಶೀತೋಷ್ಣ ವಲಯಕ್ಕೆ ಇದು ಶೇ. 12.5, ಬಿಸಿ ಮತ್ತು ತೇವದ ವಲಯಕ್ಕೆ ಶೇ. 16.66. ಈ ಸಂಹಿತೆಯನ್ನು 500 ಚದರ ಮೀಟರ್ ಹಾಗೂ ಮೇಲ್ಪಟ್ಟ ನಿವೇಶನದ ವಸತಿ ಕಟ್ಟಡಗಳನ್ನು ಉದ್ದೇಶಿಸಿ ರೂಪಿಸಲಾಗಿದ್ದರೂ, ಸಣ್ಣ ಮನೆಯವರು ಇದನ್ನು ಮಾರ್ಗದರ್ಶಿಯಾಗಿ ಬಳಸಿಕೊಳ್ಳಬಹುದು.

ಉದಾಹರಣೆಗೆ, 10 ಅಡಿ ಉದ್ದ 10 ಅಡಿ ಅಗಲದ ಕೋಣೆಗೆ 12.5ರಿಂದ 16.66 ಚದರ ಅಡಿ ತೆರವು ಬೇಕು. 4 ಅಡಿ ಚೌಕದ ಕಿಟಕಿ 16 ಚದರ ಅಡಿಯಾಗುತ್ತದೆ. ಅದು ಬಾಗಿಲಿನಂತೆ ತೆರೆಯುವ ಕಿಟಕಿಯಾದರೆ ಶೇ. 90ರಷ್ಟು, ಅಂದರೆ 14.4 ಚದರ ಅಡಿ ತೆರೆಯುತ್ತದೆ. ಎರಡು ಪಟ್ಟಿಯ ಜಾರು ಕಿಟಕಿಯಾದರೆ ಅರ್ಧ, ಅಂದರೆ 8 ಚದರ ಅಡಿ ಮಾತ್ರ. ಮಾರಾಟಕ್ಕಿರುವ ಜೋಡಿ ಗಾಜಿನ ಕಿಟಕಿಗಳಲ್ಲಿ ಜಾರು ಮಾದರಿಯೂ ಇರುವುದರಿಂದ ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ರಾತ್ರಿಯ ತಂಪು ಗಾಳಿಗಾಗಿ ಕಿಟಕಿ ತೆರೆದಿಡಲು ಸೊಳ್ಳೆ ಪರದೆ ಮತ್ತು ಕೋತಿಗಳಿಂದ ರಕ್ಷಣೆಗಾಗಿ ಕಬ್ಬಿಣದ ಸರಳು ಇರುವುದು ಅಗತ್ಯ.

5. ಖರ್ಚು ಮತ್ತು ಉಳಿತಾಯದ ಲೆಕ್ಕ

ಈ ಕೆಳಗಿನದು ಕೇವಲ ಉದಾಹರಣೆಯ ಲೆಕ್ಕ. ಅರ್ಜಿದಾರರು ತಮಗೆ ದೊರೆತ ದರಪಟ್ಟಿಯ ಅಂಕಿಗಳನ್ನು ಹಾಕಿ ಮರುಲೆಕ್ಕ ಮಾಡಿಕೊಳ್ಳುವುದು.

ಪಶ್ಚಿಮಕ್ಕೆ 1.44 ಚದರ ಮೀಟರ್ ಗಾಜಿರುವ ಒಂದು ಕಿಟಕಿ, ಎಸಿ ಅಳವಡಿಸಿದ ಕೋಣೆ, ಹೊರಗೆ 34 ಹಾಗೂ ಒಳಗೆ 24 ಡಿಗ್ರಿ ಉಷ್ಣಾಂಶ, ದಿನಕ್ಕೆ 8 ಗಂಟೆಯಂತೆ ಬೇಸಿಗೆಯ 90 ದಿನಗಳ ಬಳಕೆ ಎಂದಿಟ್ಟುಕೊಳ್ಳೋಣ. ಎಸಿಯು 1 ಯೂನಿಟ್ ವಿದ್ಯುತ್ತಿನಿಂದ 3.5 ಯೂನಿಟ್ ಶಾಖವನ್ನು ಹೊರಹಾಕುತ್ತದೆ ಎಂದು ಭಾವಿಸಲಾಗಿದೆ.

- ಉಷ್ಣಾಂಶದ ವ್ಯತ್ಯಾಸದಿಂದ ಒಂಟಿ ಗಾಜಿನ ಮೂಲಕ ಬರುವ ಶಾಖ ಸುಮಾರು 83 ವ್ಯಾಟ್, ಸಾದಾ ಜೋಡಿ ಗಾಜಿನ ಮೂಲಕ ಸುಮಾರು 40 ವ್ಯಾಟ್. ಇದರಿಂದ ವಿದ್ಯುತ್ ಉಳಿತಾಯ ಬೇಸಿಗೆಗೆ ಸುಮಾರು 9 ಯೂನಿಟ್.
- ಬಿಸಿಲು ಪ್ರತಿ ಚದರ ಮೀಟರ್‌ಗೆ 500 ವ್ಯಾಟ್‌ನಂತೆ ದಿನಕ್ಕೆ 3 ಗಂಟೆ ಬಿದ್ದಲ್ಲಿ, ಒಂಟಿ ಗಾಜಿನ ಮೂಲಕ ಸುಮಾರು 590 ವ್ಯಾಟ್, ಸಾದಾ ಜೋಡಿ ಗಾಜಿನ ಮೂಲಕ ಸುಮಾರು 518 ವ್ಯಾಟ್ ಒಳಬರುತ್ತದೆ. ಉಳಿತಾಯ ಸುಮಾರು 5 ಯೂನಿಟ್.
- ಒಟ್ಟು ಉಳಿತಾಯ ಬೇಸಿಗೆಗೆ ಸುಮಾರು 14 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಸುಮಾರು 100 ರೂಪಾಯಿ.

ಜೋಡಿ ಗಾಜಿಗಾಗಿ ಈ ಕಿಟಕಿಯೊಂದಕ್ಕೆ 5,000 ರೂಪಾಯಿ ಹೆಚ್ಚುವರಿ ಖರ್ಚಾದರೆ, ಅದು ಮರಳಿ ಬರಲು 50 ವರ್ಷ ಬೇಕಾಗುತ್ತದೆ. ಘಟಕದ ಮುದ್ರೆ ಅಷ್ಟು ಕಾಲ ಬಾಳುವುದಿಲ್ಲ. ಅದೇ ಕಿಟಕಿಗೆ ಹೊರಗಿನಿಂದ ಪೂರ್ಣ ನೆರಳು ಒದಗಿಸಿದರೆ, ಮೇಲಿನ 590 ವ್ಯಾಟ್‌ನ ಬಹುಪಾಲು ಒಳಗೆ ಬರುವುದೇ ಇಲ್ಲ.

ಎಸಿ ಇಲ್ಲದೆ ಫ್ಯಾನ್ ಮಾತ್ರ ಬಳಸುವ ಮನೆಗೆ ಈ 14 ಯೂನಿಟ್‌ನ ಉಳಿತಾಯವೂ ಇಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ತಮ್ಮ ಅರ್ಹತಾ ಯೂನಿಟ್‌ಗಳ ಒಳಗೇ ಬಳಸಿ ಶೂನ್ಯ ಬಿಲ್ ಪಡೆಯುತ್ತಿರುವ ಕುಟುಂಬಗಳಿಗೆ ಹಣದ ರೂಪದ ಉಳಿತಾಯ ಉಂಟಾಗುವುದಿಲ್ಲ.

6. ಜೋಡಿ ಗಾಜು ಯಾರಿಗೆ ಸೂಕ್ತ?

(ಅ) ವರ್ಷದ ಹಲವು ತಿಂಗಳು, ದಿನದ ಹೆಚ್ಚಿನ ಸಮಯ ಎಸಿ ಬಳಸುವ ಕೋಣೆಗೆ.
(ಆ) ನೆರಳು ಒದಗಿಸಲು ಸಾಧ್ಯವೇ ಇಲ್ಲದ ದೊಡ್ಡ ಗಾಜಿನ ಭಾಗಕ್ಕೆ. ಇಲ್ಲಿ ಬಿಸಿಲು ತಡೆಯುವ ಲೇಪನವಿರುವ ಗಾಜನ್ನೇ ಆರಿಸುವುದು.
(ಇ) ಹೆದ್ದಾರಿ, ಬಸ್ ನಿಲ್ದಾಣ ಅಥವಾ ಅಕ್ಕಿ ಗಿರಣಿಯ ಸದ್ದಿಗೆ ತೀರ ಸಮೀಪವಿದ್ದು ರೋಗಿಗಳು ಅಥವಾ ಓದುವ ಮಕ್ಕಳಿರುವ ಕೋಣೆಗೆ. ಸದ್ದು ತಡೆಯಲು ಎರಡೂ ಗಾಜು ಒಂದೇ ದಪ್ಪವಿರದೆ, ಒಂದು ಲ್ಯಾಮಿನೇಟೆಡ್ ಗಾಜಾಗಿದ್ದರೆ ಹೆಚ್ಚು ಪರಿಣಾಮಕಾರಿ. ಕಿಟಕಿ ಮುಚ್ಚಿದ್ದಾಗ ಮಾತ್ರ ಈ ಪ್ರಯೋಜನ ದೊರೆಯುತ್ತದೆ.

7. ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು

- ಮುದ್ರೆ: ಅಂಚಿಗೆ ಬ್ಯುಟೈಲ್ ಮತ್ತು ಸಿಲಿಕೋನ್ ಅಥವಾ ಪಾಲಿಸಲ್ಫೈಡ್ ಎಂಬ ಎರಡು ಹಂತದ ಮುದ್ರೆ ಇರಬೇಕು. ಮಳೆಗಾಲದ ದೀರ್ಘ ತೇವದಲ್ಲಿ ಮುದ್ರೆ ಬಿರುಕು ಬಿಟ್ಟರೆ ಗಾಜುಗಳ ನಡುವೆ ಮಂಜು ಕಟ್ಟುತ್ತದೆ. ಅದನ್ನು ಒರೆಸಲಾಗದು, ಇಡೀ ಘಟಕವನ್ನೇ ಬದಲಾಯಿಸಬೇಕಾಗುತ್ತದೆ.
- ಖಾತರಿ: ನಡುವೆ ಮಂಜು ಕಟ್ಟುವುದಕ್ಕೆ ಎಷ್ಟು ವರ್ಷದ ಖಾತರಿ ಇದೆ ಎಂಬುದನ್ನು ಲಿಖಿತವಾಗಿ ಪಡೆಯುವುದು.
- ಸುರಕ್ಷತೆ: ಟಫನ್ಡ್ ಅಥವಾ ಲ್ಯಾಮಿನೇಟೆಡ್ ಗಾಜಿನ ಮೇಲೆ ಐಎಸ್ 2553 ಭಾಗ 1ರ ಐಎಸ್ಐ ಗುರುತು ಇರುವುದನ್ನು ನೋಡುವುದು.
- ತೂಕ: ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರ್‌ಗೆ 2.5 ಕಿಲೋ ತೂಗುತ್ತದೆ. 5 ಮಿ.ಮೀ.ನ ಎರಡು ಹಾಳೆಗಳ 1.44 ಚದರ ಮೀಟರ್ ಘಟಕ 36 ಕಿಲೋ ಆಗುತ್ತದೆ. ಘಟಕದ ಒಟ್ಟು ದಪ್ಪ 22 ಮಿ.ಮೀ. ಹಳೆಯ ಮರದ ಕಿಟಕಿಯ ಗಾಡಿ ಮತ್ತು ತಿರುಗಣಿಗಳು ಇದನ್ನು ಸಾಮಾನ್ಯವಾಗಿ ತಾಳಲಾರವು.
- ಚೌಕಟ್ಟು: ಸಾದಾ ಅಲ್ಯೂಮಿನಿಯಂ ಶಾಖವನ್ನು ಸುಲಭವಾಗಿ ಸಾಗಿಸುವುದರಿಂದ ಜೋಡಿ ಗಾಜಿನ ಲಾಭವನ್ನು ತಗ್ಗಿಸುತ್ತದೆ. ಯುಪಿವಿಸಿ ಮತ್ತು ಮರ ಈ ದೃಷ್ಟಿಯಿಂದ ಮೇಲು. ಮರವು ಮಳೆಗಾಲದಲ್ಲಿ ಉಬ್ಬುವುದರಿಂದ ಚೆನ್ನಾಗಿ ಹದವಾದ ಮರವನ್ನು ಬಿಲ್ ಸಹಿತ ಖರೀದಿಸುವುದು.
- ಇರಚಲು: ಪಶ್ಚಿಮ ಮತ್ತು ನೈಋತ್ಯ ದಿಕ್ಕಿನ ಮಳೆಗಾಳಿಗೆ ಎದುರಾಗುವ ಕಿಟಕಿಯ ಕೆಳಪಟ್ಟಿಯಲ್ಲಿ ನೀರು ಹೊರಹೋಗುವ ರಂಧ್ರಗಳಿರುವುದನ್ನು ಖಚಿತಪಡಿಸಿಕೊಳ್ಳುವುದು.

8. ಅನುಮತಿ ಮತ್ತು ವಸತಿ ಯೋಜನೆಗಳು

(ಅ) ಮನೆ ನಿರ್ಮಾಣಕ್ಕೆ ಸಂಬಂಧಪಟ್ಟ ಗ್ರಾಮ ಪಂಚಾಯಿತಿಯಿಂದ ಅನುಮತಿ ಪಡೆಯತಕ್ಕದ್ದು. ನಕ್ಷೆಯಲ್ಲಿ ಕಿಟಕಿಗಳ ದಿಕ್ಕು, ಅಳತೆ ಮತ್ತು ಸಜ್ಜಾವನ್ನು ಆಗಲೇ ನಮೂದಿಸುವುದು ಒಳಿತು.

(ಆ) ಕೈಟಭೇಶ್ವರ ದೇವಾಲಯವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿರುತ್ತದೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯನ್ವಯ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಅಲ್ಲಿರುವ ಹಳೆಯ ಮನೆಯ ದುರಸ್ತಿ ಮತ್ತು ನವೀಕರಣಕ್ಕೂ, ನಿಯಂತ್ರಿತ ಪ್ರದೇಶದ ನಿರ್ಮಾಣಕ್ಕೂ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಅಗತ್ಯ. ಗೋಡೆ ಒಡೆದು ಕಿಟಕಿ ಹಿಗ್ಗಿಸುವ ಮೊದಲು ಇದನ್ನು ಗಮನಿಸತಕ್ಕದ್ದು. ಉಲ್ಲಂಘನೆಗೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

(ಇ) ವಸತಿ ಯೋಜನೆಗಳ ಫಲಾನುಭವಿಗಳಿಗೆ ಸಹಾಯಧನವು ಕಾಮಗಾರಿಯ ಪ್ರಗತಿಯನ್ನು ಅನುಸರಿಸಿ ಹಂತಹಂತವಾಗಿ ಬಿಡುಗಡೆಯಾಗುತ್ತದೆ. ಕಿಟಕಿಗೆ ಅತಿಯಾಗಿ ಖರ್ಚು ಮಾಡಿ ಛಾವಣಿಯ ಹಂತದಲ್ಲಿ ಕೆಲಸ ನಿಂತಲ್ಲಿ ಮುಂದಿನ ಕಂತೂ ವಿಳಂಬವಾಗುತ್ತದೆ. ಇಂತಹ ಮನೆಗಳಿಗೆ ಬಾಗಿಲಿನಂತೆ ತೆರೆಯುವ ಒಂಟಿ ಗಾಜಿನ ಕಿಟಕಿ, ಅಗಲವಾದ ಸಜ್ಜಾ ಮತ್ತು ಬಿಳಿ ಛಾವಣಿ ಸಾಕಾಗುತ್ತದೆ.

9. ದೂರು ಮತ್ತು ಪರಿಹಾರ

ಹೇಳಿದ ಗುಣಮಟ್ಟದ ಗಾಜನ್ನು ನೀಡದಿದ್ದಲ್ಲಿ ಅಥವಾ ಖಾತರಿಯನ್ನು ಪಾಲಿಸದಿದ್ದಲ್ಲಿ, ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ, ದೂರಿಗೆ ಕಾರಣ ಉದ್ಭವಿಸಿದ 2 ವರ್ಷದೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ದರಪಟ್ಟಿ, ಬಿಲ್, ಯು-ಮೌಲ್ಯ ಮತ್ತು ಸೌರಶಾಖ ಗುಣಾಂಕ ನಮೂದಿಸಿದ ಪತ್ರ ಹಾಗೂ ಖಾತರಿ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.

10. ಸಾರಾಂಶ

ಮನೆ ಕಟ್ಟುವವರು ಛಾವಣಿ, ನೆರಳು, ಗಾಳಿಯಾಡುವ ತೆರವು, ಕೊನೆಗೆ ಗಾಜು ಎಂಬ ಅನುಕ್ರಮದಲ್ಲಿ ಹಣ ವಿನಿಯೋಗಿಸಲು ಸೂಚಿಸಲಾಗಿದೆ. ಮೊದಲ ಮೂರು ಸರಿಯಾಗಿದ್ದಲ್ಲಿ ಈ ಭಾಗದ ಬಹುತೇಕ ಮನೆಗಳಿಗೆ ಜೋಡಿ ಗಾಜಿನ ಅವಶ್ಯಕತೆ ಕಂಡುಬರುವುದಿಲ್ಲ. ಎಸಿ ಕೋಣೆಗೆ ಅಥವಾ ಸದ್ದು ತಡೆಯಲು ಅಳವಡಿಸುವವರು ಆ ಒಂದು ಕೋಣೆಗೆ ಸೀಮಿತಗೊಳಿಸಿ, ಕಲಂ 7ರ ಅಂಶಗಳನ್ನು ಪರಿಶೀಲಿಸಿದ ನಂತರವೇ ಮುಂಗಡ ಪಾವತಿಸುವಂತೆ ಕೋರಲಾಗಿದೆ.